ಕುಡಿಕೆ ಇಳಿಸುವ ಹೊತ್ತು

ಭಾನುವಾರ ಬೆಳಿಗ್ಗೆ ಏಣಿ ಹಾಕಿಕೊಂಡು 14 ಕುಡಿಕೆಗಳನ್ನೂ ಇಳಿಸಿದೆ. ಹಿತ್ತಿಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಗ ಮದುವೆಮನೆಯ ಮಾರನೇ ದಿನದ ಪಾತ್ರೆಗಳ ಹಾಗೆ ಕಂಡವು. ಒಂದೊಂದರ ಹೊಟ್ಟೆಗೂ ಒಂದು ತೂತು, ಕೊರಳಿಗೆ ತಂತಿ, ಒಳಗೆ ಒಣಗಿದ ಹಿಕ್ಕೆ, ನವಣೆಯ ಹೊಟ್ಟು, ಒಂದೆರಡು ಪುಕ್ಕ. ಒಂದರಲ್ಲಿ ಮಾತ್ರ ಒಡೆಯದೆ ಉಳಿದ ಮೊಟ್ಟೆ ಇತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಏನೋ ಟಕ್ ಅಂದಿತು.

ಈ ಕುಡಿಕೆಗಳನ್ನು ಮಾಡಿಸಲು ಹೋದಾಗ ಕುಂಬಾರರು ನಕ್ಕಿದ್ದರು. ‘ನೀರು ನಿಲ್ಲಲ್ಲ, ಎಣ್ಣೆ ನಿಲ್ಲಲ್ಲ, ತೂತು ಮಡಕೆ ಇಟ್ಕೊಂಡು ಏನ್ ಮಾಡ್ತೀರಿ ಮೇಷ್ಟ್ರೇ?’ ಮರಿ ನಿಲ್ಲುತ್ತವೆ ಎಂದಿದ್ದೆ. ಗಿಳಿ ಜಾತಿಯ ಹೆಚ್ಚಿನ ಹಕ್ಕಿಗಳು ಗೂಡು ಕಟ್ಟುವುದಿಲ್ಲ, ಪೊಟರೆ ಹುಡುಕುತ್ತವೆ. ಪೊಟರೆಯಂಥದ್ದು ಕಂಡರೆ ಹೆಣ್ಣು ತಲೆ ತೂರಿಸಿ ನೋಡುತ್ತದೆ, ಗಂಡು ಹೊರಗೆ ಕೂತು ಗುಟುಕು ಕೊಡಲು ಶುರುಮಾಡುತ್ತದೆ, ಹತ್ತು ಹನ್ನೆರಡು ದಿನದಲ್ಲಿ ಮೊದಲ ಮೊಟ್ಟೆ. ಕುಡಿಕೆ ಇಲ್ಲದಿದ್ದರೆ ಸಾಮಾನ್ಯವಾಗಿ ಸುಮ್ಮನಿರುತ್ತವೆ. ಹಾಗಾಗಿ ಕುಡಿಕೆ ಏರಿಸುವುದು ಅಂದರೆ ಹುಟ್ಟಲಿ ಅನ್ನುವುದು, ಇಳಿಸುವುದು ಅಂದರೆ ಸಾಕು ಅನ್ನುವುದು. ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಿ, ಹೊಡೆದುಹಾಕಿದ ಕೈಗೆ ಈ ಅಧಿಕಾರ ಹೊಸತಲ್ಲ. ಆದರೂ ಏಣಿಯ ಮೇಲೆ ನಿಂತಾಗ ಕೈ ತಡೆಯುತ್ತದೆ.

ನಮ್ಮ ಚನ್ನಗಿರಿಯಲ್ಲಿ ನನ್ನ ಈ ಹಕ್ಕಿಗಳಿಗೆ ಎಲ್ಲರೂ ‘ಲವ್ ಬರ್ಡ್ಸ್’ ಅನ್ನುತ್ತಾರೆ. ನಿಜವಾದ ಲವ್ ಬರ್ಡ್ಸ್ ಆಫ್ರಿಕಾದವು, ಗಿಡ್ಡ ಬಾಲದವು, ಬೇರೆಯೇ ಜಾತಿ. ನನ್ನ ಹತ್ತಿರ ಇರುವುದು ಆಸ್ಟ್ರೇಲಿಯಾದ ಬಜರಿಗಾರ್. ಅಂಗಡಿ ಹುಡುಗರು ಚಿಕ್ಕದಾಗಿ ‘ಬಜ್ಜಿ’ ಅನ್ನುತ್ತಾರೆ. 2019ರಲ್ಲಿ, ನಿವೃತ್ತನಾದ ವರ್ಷ, ರಟ್ಟಿನ ಡಬ್ಬದಲ್ಲಿ ಮೊದಲ ಎರಡು ಜೋಡಿಯನ್ನು ಹಿಡಿದು ಬಸ್ಸಿಳಿದು ಬಂದಾಗ ನನ್ನ ಹೆಂಡತಿ, ‘ದಾವಣಗೆರೆಗೆ ಹೋದೋರು ಮಂಡಕ್ಕಿ ಮೆಣಸಿನಕಾಯಿ ತರೋದು ಬಿಟ್ಟು ಬಜ್ಜಿ ತಂದಿದೀರಲ್ರೀ’ ಎಂದಳು. ತಮಾಷೆಯಾಗಿಯೇ ಅಂದದ್ದು. ಆದರೆ ಡಬ್ಬವನ್ನು ಮುಟ್ಟಲಿಲ್ಲ. ಇನ್ನೊಂದು ಹಕ್ಕಿಯ ನೆನಪು ಅವಳಿಗೂ ಇತ್ತು.

ಆ ಕಥೆ ಜಗಳೂರಿನದು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಜಗಳೂರನ್ನು ಚಿತ್ರದುರ್ಗದಿಂದ, ಹೊನ್ನಾಳಿ ಚನ್ನಗಿರಿಗಳನ್ನು ಶಿವಮೊಗ್ಗದಿಂದ ತೆಗೆದು ಜೋಡಿಸಿದ ಜಿಲ್ಲೆ. ಅಡಿಕೆ ತೋಟದ ನೆರಳಲ್ಲಿ ಬೆಳೆದ ನನ್ನಂಥವನಿಗೆ ಮರುವರ್ಷವೇ ಜಗಳೂರಿನ ಕಡೆಯ ಹಳ್ಳಿಯೊಂದಕ್ಕೆ ವರ್ಗವಾಯಿತು. ಕಣ್ಣು ಹಾಯುವಷ್ಟು ದೂರ ಕಲ್ಲುಹೊಲ, ಶೇಂಗಾ, ನವಣೆ, ಸಜ್ಜೆ, ಅಲ್ಲೊಂದು ಇಲ್ಲೊಂದು ಹುಣಸೆ ಮರ. ಮಳೆ ಬಂದರೆ ಬಂತು. ಊರ ಹಿಂದೆ ಯಾರೋ ಆಸೆಪಟ್ಟು ಹಾಕಿದ ತೆಂಗಿನ ತೋಟ ಬರಕ್ಕೆ ಸುಳಿ ಕಳೆದುಕೊಂಡು ಬರೀ ಕಂಬಗಳಾಗಿ ನಿಂತಿತ್ತು. ಆ ಕಂಬಗಳ ತುದಿಯ ತೂತುಗಳಲ್ಲಿ ಗಿಣಿಗಳು ಮರಿ ಮಾಡುತ್ತಿದ್ದವು. ರೈತನಿಗೆ ಸತ್ತ ಮರ, ಗಿಣಿಗೆ ಬಾಣಂತಿಕೋಣೆ.

1999ರ ಬೇಸಿಗೆಗೆ ಮುಂಚೆ ಐದನೇ ತರಗತಿಯ ಹುಡುಗನೊಬ್ಬ ಅಂಗಿಯ ಒಳಗಿಂದ ಒಂದು ಮರಿ ತೆಗೆದು ನನ್ನ ಮೇಜಿನ ಮೇಲಿಟ್ಟ. ಮುಳ್ಳು ಮುಳ್ಳಾಗಿ ಪುಕ್ಕ ಮೊಳೆತಿತ್ತು. ತಲೆಗಿಂತ ಕೊಕ್ಕೇ ದೊಡ್ಡದು. ‘ನಿಮಗೇ ಸಾ’ ಎಂದ. ಗುರುದಕ್ಷಿಣೆಯ ಹಾಗೆ ಇಸಿದುಕೊಂಡೆ. ಉಳಿದ ಮರಿಗಳು ಏನಾದವು ಎಂದು ಕೇಳಲಿಲ್ಲ.

ನಂತರದ ವರ್ಷಗಳಲ್ಲಿ ಖಾಸಗಿಯಾಗಿ ಕನ್ನಡ ಎಂ.ಎ. ಕಟ್ಟಿದಾಗ ನಾಗವರ್ಮನ ಕರ್ನಾಟಕ ಕಾದಂಬರಿ ಓದಬೇಕಾಯಿತು. ಬಾಣನ ಗದ್ಯವನ್ನು ಅವನು ಸುಮಾರು ಸಾವಿರ ವರ್ಷದ ಹಿಂದೆ ಕನ್ನಡದ ಚಂಪುವಿಗೆ ತಂದ. ಅಲ್ಲಿ ಕಥೆ ಹೇಳುವುದೇ ಒಂದು ಗಿಳಿ. ಶೂದ್ರಕ ರಾಜನ ಸಭೆಗೆ ಪಂಜರದಲ್ಲಿ ಬಂದ ವೈಶಂಪಾಯನ ತನ್ನ ಹುಟ್ಟನ್ನು ತಾನೇ ಹೇಳಿಕೊಳ್ಳುತ್ತದೆ. ದೊಡ್ಡ ಬೂರುಗದ ಮರ, ಅದರ ಪೊಟರೆಗಳ ತುಂಬ ಗಿಳಿ ಸಂಸಾರ. ಬೇಟೆಯ ಗುಂಪು ಹೋದಮೇಲೆ ಹಿಂದುಳಿದ ಒಬ್ಬ ಮುದಿ ಬೇಡ ಮರ ಹತ್ತಿ, ಪೊಟರೆಗಳಿಗೆ ಕೈ ಹಾಕಿ, ಹಣ್ಣು ಕಿತ್ತಹಾಗೆ ಮರಿಗಳನ್ನು ತೆಗೆದು ಕತ್ತು ಹಿಸುಕಿ ಕೆಳಗೆ ಎಸೆಯುತ್ತಾನೆ. ಮುದಿ ತಂದೆ ಗಿಳಿ ರೆಕ್ಕೆ ಮುಚ್ಚಿ ಮಗನನ್ನು ಕಾಯುತ್ತದೆ, ಸಾಯುತ್ತದೆ. ಮರಿ ತರಗೆಲೆಯ ರಾಶಿಯ ಮೇಲೆ ಬಿದ್ದು ಬದುಕುತ್ತದೆ. ಪರೀಕ್ಷೆಗೆ ಇದರ ಅಲಂಕಾರ ಬರೆಯಬೇಕಿತ್ತು. ನಾನು ಪುಸ್ತಕ ಮುಚ್ಚಿ ಪಡಸಾಲೆಯ ಕಡೆ ನೋಡಿದೆ. ನನ್ನ ವೈಶಂಪಾಯನ ಎಡಗಾಲಲ್ಲಿ ಹಸಿಮೆಣಸಿನಕಾಯಿ ಹಿಡಿದು, ತಲೆ ಓರೆಮಾಡಿ, ಬೀಜ ಬಿಡಿಸಿ ತಿನ್ನುತ್ತಿತ್ತು. ಮುಂದೆ ಎರಡು ಹಿಂದೆ ಎರಡು ಬೆರಳಿರುವ ಆ ಕಾಲು ಥೇಟ್ ಕೈಯೇ. ಮೆಣಸಿನಕಾಯಿಯ ಖಾರ ಹಕ್ಕಿಗಳ ನಾಲಗೆಗೆ ಹತ್ತುವುದೇ ಇಲ್ಲವಂತೆ. ನಮ್ಮ ಉರಿ ಅವಕ್ಕೆ ಸಪ್ಪೆ.

ಅದು ಮಾತು ಕಲಿಯಿತು. ನಾನು ಕಲಿಸಲಿಲ್ಲ. ಬಾಡಿಗೆ ಮನೆಗೂ ಶಾಲೆಗೂ ನಡುವೆ ಒಂದೇ ಗೋಡೆ. ದಿನಾ ಬೆಳಿಗ್ಗೆ ಹೆಸರು ಕೂಗುವುದು, ಮಕ್ಕಳು ಉತ್ತರ ಕೊಡುವುದು ಪಡಸಾಲೆಗೆ ಕೇಳುತ್ತಿತ್ತು. ಒಂದು ಸಂಜೆ ನಾನು ಹಾಜರಿ ಪುಸ್ತಕ ಮನೆಗೆ ತಂದು, ತಿಂಗಳ ಲೆಕ್ಕ ಕೂಡಿಸುತ್ತ, ಅಭ್ಯಾಸಬಲದಿಂದ ಹೆಸರುಗಳನ್ನು ಬಾಯಲ್ಲೇ ಅಂದುಕೊಳ್ಳುತ್ತಿದ್ದೆ. ಪಂಜರದಿಂದ ‘ಹಾಜರ್ ಸಾ’ ಬಂತು. ಹೆಂಡತಿಯೂ ಒಳಗಿಂದ ಓಡಿಬಂದಳು. ಇನ್ನೊಂದು ಹೆಸರು ಕರೆದೆ. ‘ಹಾಜರ್ ಸಾ.’ ಯಾವ ಹೆಸರಿಗೂ ಅದೇ ಹಾಜರಿ. ಮರಿ ತಂದುಕೊಟ್ಟ ಹುಡುಗ ಆ ಹೊತ್ತಿಗೆ ಊರಲ್ಲಿರಲಿಲ್ಲ. ಅಪ್ಪ ಅವ್ವನ ಜೊತೆ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಗುಳೆ ಹೋಗಿದ್ದ. ಸಂಖ್ಯೆ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ ಎಂದು, ಎಲ್ಲ ಮೇಷ್ಟ್ರುಗಳ ಹಾಗೆ ನಾನೂ ಅವನ ಹೆಸರನ್ನು ಕೆಲವು ತಿಂಗಳು ಹೊಡೆದುಹಾಕಿರಲಿಲ್ಲ. ಅವನ ಹೆಸರಿಗೂ ಗಿಣಿ ‘ಹಾಜರ್ ಸಾ’ ಅಂದಿತು. ನಾನು ಮಾಡುತ್ತಿದ್ದ ಸುಳ್ಳನ್ನೇ ಅದೂ ಹೇಳಿತು, ನನಗಿಂತ ಸ್ಪಷ್ಟವಾಗಿ.

ಮೂರನೇ ವರ್ಷಕ್ಕೆ ಕೊರಳಿಗೆ ಕರಿ ಗೆರೆ, ಅದರ ಹಿಂದೆ ಗುಲಾಬಿ ಗೆರೆ ಮೂಡಿ ಗಂಡು ಎಂದು ಗೊತ್ತಾಯಿತು. 2004ರಲ್ಲಿ ನಮ್ಮ ಸಾಮಾನಿನ ಜೊತೆ ಪಂಜರವೂ ಹೊನ್ನಾಳಿಗೆ ಬಂತು. ತುಂಗಭದ್ರೆಯ ದಡದ ಊರು, ನಾಲೆ ನೀರಿನ ಭತ್ತ, ಮೇಲುಹೊಲಗಳಲ್ಲಿ ಮೆಕ್ಕೆಜೋಳ. ಜೋಳ ಹಾಲುಕಾಳಾದ ದಿನಗಳಲ್ಲಿ ಹಸಿರು ಹಿಂಡುಗಳು ಕಿರುಚುತ್ತ ಇಳಿಯುತ್ತಿದ್ದವು. ಗಿಣಿ ಒಂದು ತೆನೆಯನ್ನು ಪೂರ್ತಿ ತಿನ್ನುವುದಿಲ್ಲ. ಸಿಪ್ಪೆ ಸೀಳಿ ನಾಲ್ಕು ಕಾಳು ಕಚ್ಚಿ ಪಕ್ಕದ್ದಕ್ಕೆ ಹೋಗುತ್ತದೆ, ಸೀಳಿದ ತೆನೆಗೆ ಮಳೆನೀರು ಇಳಿದು ಕೊಳೆಯುತ್ತದೆ. ತಗಡಿನ ಡಬ್ಬ ಬಡಿಯಲು ಶಾಲೆ ಬಿಡಿಸಿ ಮಕ್ಕಳನ್ನು ಹೊಲಕ್ಕೆ ಕಳಿಸುತ್ತಿದ್ದರು. ಹೀಗೆ ಮಗನನ್ನು ಕಳಿಸಿದ ಒಬ್ಬರನ್ನು ಕರೆಸಿ ಬುದ್ಧಿ ಹೇಳಿದೆ. ಅವರು ನನ್ನ ಪಂಜರ ನೋಡಿದರು. ‘ಮೇಷ್ಟ್ರೇ, ನೀವು ಒಂದು ಗಿಣಿ ಸಾಕೀರಿ. ನಾವು ಐನೂರು ಸಾಕ್ತೀವಿ, ಪಂಜರ ಇಲ್ದಂಗೆ’ ಎಂದರು. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ಆ ಹಿಂಡು ಮನೆಯ ಮೇಲೆ ಹಾದುಹೋದಾಗಲೆಲ್ಲ ನಮ್ಮದು ಕಂಬಿ ಹಿಡಿದು ಕಿರುಚುತ್ತಿತ್ತು. ಆಗ ಅದರ ಬಾಯಲ್ಲಿ ಕನ್ನಡ ಇರುತ್ತಿರಲಿಲ್ಲ.

ನಾವು ಅದನ್ನು ಚೆನ್ನಾಗಿ ನೋಡಿಕೊಂಡೆವು ಎಂದೇ ತಿಳಿದಿದ್ದೆವು. ಸೂರ್ಯಕಾಂತಿ ಬೀಜ ಅದಕ್ಕೆ ಪ್ರಾಣ. ಬಟ್ಟಲಲ್ಲಿ ಬೇರೆ ಏನಿದ್ದರೂ ಚೆಲ್ಲಿ ಅದನ್ನೇ ಹುಡುಕುತ್ತಿತ್ತು. ಕೇಳಿದ್ದನ್ನು ಕೊಡುವುದೇ ಪ್ರೀತಿ ಎಂದುಕೊಂಡು ಹನ್ನೆರಡು ವರ್ಷ ಬಟ್ಟಲು ತುಂಬಿಸಿದೆ. ನ್ಯಾಮತಿಗೆ ಬಂದಮೇಲೆ, ಆಗ ಅದಿನ್ನೂ ಹೋಬಳಿ, ಕೊಕ್ಕು ಉದ್ದವಾಗಿ ಬೆಳೆದು ಸಿಪ್ಪೆ ಏಳತೊಡಗಿತು. ವಯಸ್ಸು ಎಂದುಕೊಂಡು ಉಗುರು ಕತ್ತರಿಸುವುದರಲ್ಲಿ ತುದಿ ಕತ್ತರಿಸಿದೆ. ಹಾರಿದರೆ ಏದುಸಿರು. ಪಶುವೈದ್ಯರು ಪ್ರಾಮಾಣಿಕರು. ‘ಸಾರ್, ನಾನು ದನ ಕುರಿ ನೋಡೋನು, ಆದ್ರೂ ಇದರ ಹೊಟ್ಟೆ ನೋಡಿದ್ರೆ ಕೊಬ್ಬು ಜಾಸ್ತಿ ಆಗಿದೆ ಅನ್ಸುತ್ತೆ’ ಎಂದರು. 2011ರ ಒಂದು ಬೆಳಿಗ್ಗೆ ಪಂಜರದ ತಳದಲ್ಲಿ ಮಲಗಿತ್ತು. ಗಿಣಿ ಮಲಗುವ ಪ್ರಾಣಿಯಲ್ಲ. ಬಾಡಿಗೆ ಮನೆಯ ಹಿತ್ತಿಲಿನ ನುಗ್ಗೆಯ ಬುಡದಲ್ಲಿ ಹೂತೆವು.

ಬರೀ ಎಣ್ಣೆಕಾಳು ತಿಂದರೆ ಗಿಳಿಗಳ ಪಿತ್ತಜನಕಾಂಗಕ್ಕೆ ಕೊಬ್ಬು ಕಟ್ಟುತ್ತದೆ, ಕೊಕ್ಕು ಹಾಗೆ ಬೆಳೆಯುವುದೇ ಅದರ ಗುರುತು, ಸರಿಯಾಗಿ ಸಾಕಿದರೆ ಈ ಜಾತಿ 25 ವರ್ಷ ಮೇಲೂ ಬದುಕುತ್ತದೆ. ಇದನ್ನೆಲ್ಲ ಆಮೇಲೆ ಓದಿದೆ. ಪಾಠ ಮುಗಿದಮೇಲೆ ಪುಸ್ತಕ ಸಿಕ್ಕ ಹಾಗೆ.

ಇನ್ನೊಂದನ್ನೂ ಆಮೇಲೆ ತಿಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನೆಲದ ಯಾವ ಗಿಣಿಯನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಸಾಕುವಂತಿಲ್ಲ. 1990ರ ದಶಕದ ಆರಂಭಕ್ಕೆ ದೇಶದ ಕಾಡುಹಕ್ಕಿಗಳ ವ್ಯಾಪಾರವೂ ನಿಂತಿತ್ತು, ಕಾಗದದ ಮೇಲೆ. 2022ರ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಹಸಿರು ಗಿಣಿ ಎರಡನೇ ಪರಿಚ್ಛೇದದಲ್ಲಿದೆ. ಮಕ್ಕಳಿಗೆ ಪೌರನೀತಿ ಪಾಠ ಮಾಡಿದವನು ಹನ್ನೆರಡು ವರ್ಷ ಪಡಸಾಲೆಯಲ್ಲೇ ಕಾನೂನು ಮುರಿದಿದ್ದೆ. ಯಾರೂ ಕೇಳಲಿಲ್ಲ. ನಮ್ಮ ಮನೆಗೆ ಬಂದ ಅಧಿಕಾರಿಗಳೂ ಮಾತಾಡಿಸಿ, ಮೆಣಸಿನಕಾಯಿ ಕೊಟ್ಟು ಹೋಗುತ್ತಿದ್ದರು.

ಕಾನೂನಿನ ಬಿಸಿ ಮುಟ್ಟಿದ್ದು ಬೇರೆಯವರಿಗೆ. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳುಗಳಲ್ಲಿ ಹಕ್ಕಿಪಿಕ್ಕಿ ಜನ ಇದ್ದಾರೆ. ಹುಣಸೂರಿನ ಕಡೆ ಅವರ ಊರಿಗೆ ಪಕ್ಷಿರಾಜಪುರ ಎಂದೇ ಹೆಸರು. ಮನೆಯಲ್ಲಿ ವಾಗ್ರಿ ಮಾತಾಡುತ್ತಾರೆ, ತಲೆಮಾರುಗಳಿಂದ ಹಕ್ಕಿ ಹಿಡಿದು ಬದುಕಿದವರು. ಕಾಯ್ದೆ ಬಂದಮೇಲೆ ಬಲೆ ಸುತ್ತಿಟ್ಟು ಪ್ಲಾಸ್ಟಿಕ್ ಹೂ, ಗಿಡಮೂಲಿಕೆ ಎಣ್ಣೆ ಹಿಡಿದು ಊರೂರು ತಿರುಗಿದರು, ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಗುಂಡಿನ ನಡುವೆ ಸಿಕ್ಕಿಕೊಂಡ ಕನ್ನಡಿಗರು ಎಂದು ಪತ್ರಿಕೆಯಲ್ಲಿ ಬಂದದ್ದು ಇವರೇ, ಅವರಲ್ಲಿ ಚನ್ನಗಿರಿಯವರೂ ಇದ್ದರು. ಹಿಡಿದವರ ಕಸುಬು ಹೋಯಿತು. ಪಂಜರ ತೂಗುಹಾಕಿದ ನಮ್ಮಂಥ ಪಡಸಾಲೆಗಳಿಗೆ ಏನೂ ಆಗಲಿಲ್ಲ. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಆ ಜನರ ಹಿರಿಯರೊಬ್ಬರು ಎಣ್ಣೆ ಮಾರುತ್ತ ಒಮ್ಮೆ ನಮ್ಮ ಮನೆಗೂ ಬಂದರು. ಹಿತ್ತಿಲ ಕಡೆಯ ಚಿಲಿಪಿಲಿ ಕೇಳಿ ಚೀಲ ಇಳಿಸಿ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಜಾಲರಿಯಿಂದ ನಾಲ್ಕು ಹೆಜ್ಜೆ ದೂರವೇ ನಿಂತು, ‘ಆ ಮೂಲೆ ಕುಡಿಕೇಲಿ ಮರಿ ಅವೆ, ಹಸ್ದವೆ’ ಎಂದರು. ನನಗೆ ಅಷ್ಟು ಗದ್ದಲದಲ್ಲಿ ಆ ಸಣ್ಣ ಧ್ವನಿ ಕೇಳಿಸಿರಲೇ ಇಲ್ಲ. ‘ಹೆಂಗೆ ಹಿಡಿಯೋದು ಅಂತ ನಮಗ್ಗೊತ್ತು ಮೇಷ್ಟ್ರೇ. ಇಟ್ಕಳ್ಳೋದು ನಮಗ್ಗೊತ್ತಿಲ್ಲ’ ಎಂದು ಚೀಲ ಹೆಗಲಿಗೇರಿಸಿದರು.

ಇಟ್ಟುಕೊಳ್ಳುವುದನ್ನು ನಾನು ಈ ಸಲ ಮೊದಲಿನಿಂದ ಕಲಿತೆ. ಹತ್ತು ಅಡಿ ಉದ್ದ, ಆರು ಅಡಿ ಅಗಲ, ಏಳು ಅಡಿ ಎತ್ತರ. ನಿಂತು ಓಡಾಡುವಷ್ಟು. ಅರ್ಧ ಇಂಚಿನ ಜಾಲರಿ. ಹಾವು ಇಲಿ ನುಗ್ಗದಂತೆ ಕೆಳಗೆ ಇಟ್ಟಿಗೆ ಕಟ್ಟೆ. ಹೊಸ ಜಾಲರಿಯ ಸತುವಿನ ಪುಡಿ ಕೊಕ್ಕಿನಿಂದ ಹೊಟ್ಟೆಗೆ ಹೋದರೆ ವಿಷ ಎಂದು ಓದಿ, ವಿನೆಗರ್ ಹಾಕಿ ಬ್ರಷ್‌ನಿಂದ ತಿಕ್ಕಿ ಒಂದು ತಿಂಗಳು ಬಿಸಿಲು ಮಳೆಗೆ ಬಿಟ್ಟೆ. ಬಾಗಿಲು ಎರಡು, ಒಂದು ಮುಚ್ಚಿದಮೇಲೆ ಇನ್ನೊಂದು ತೆಗೆಯುವ ಹಾಗೆ. ಅರ್ಧ ಮಾಡಿಗೆ ತಗಡು, ಅದರ ಮೇಲೆ ಬಿಸಿಲು ತಡೆಯಲು ಅಡಿಕೆ ಸೋಗೆ. ಮಳೆಯ ಇರಚಲು ಹೊಡೆಯುವ ಕಡೆಗೆ ಅಡಿಕೆ ದಬ್ಬೆಯ ತಟ್ಟಿ. ಕೂರಲು ಸೀಬೆ, ಬೇವಿನ ಕೊಂಬೆಗಳು, ತೊಗಟೆ ಸಮೇತ, ಒಂದೇ ದಪ್ಪದವಲ್ಲ. ನುಣ್ಣನೆಯ ಒಂದೇ ಅಳತೆಯ ಕೋಲಿನ ಮೇಲೆ ಜೀವಮಾನ ಕೂತರೆ ಪಾದ ಹುಣ್ಣಾಗುತ್ತದೆ. ನಡುವೆ ಏನೂ ಇಡಲಿಲ್ಲ. ನಡುವಿನ ಜಾಗ ಹಾರಲು.

ಊಟಕ್ಕೆ ನವಣೆ, ಸ್ವಲ್ಪ ಸಜ್ಜೆ, ವಾರಕ್ಕೆರಡು ದಿನ ನೆನೆಸಿ ಮೊಳಕೆ ಬರಿಸಿದ ಕಾಳು, ಕೊತ್ತಂಬರಿ, ನುಗ್ಗೆಸೊಪ್ಪು. ಸುಣ್ಣದ ಅಂಶಕ್ಕೆ ಕಡಲನೊರೆಯ ತುಂಡು. ಸೂರ್ಯಕಾಂತಿ ಬೀಜ ನಮ್ಮ ಮನೆಯ ಹೊಸಿಲು ದಾಟುವುದಿಲ್ಲ. ನವಣೆ ಮಾತ್ರ ಜಗಳೂರಿನಿಂದಲೇ ತರಿಸುತ್ತೇನೆ, ಹಳೆಯ ವಿದ್ಯಾರ್ಥಿಯೊಬ್ಬ ಕಳಿಸುತ್ತಾನೆ. ನಾನು ಅಲ್ಲಿದ್ದಾಗ ಅದು ಬಡವರ ಅನ್ನ. ಈಗ ಸಿರಿಧಾನ್ಯ. ನನಗೂ ಸಕ್ಕರೆ ಕಾಯಿಲೆ ಬಂದು ವೈದ್ಯರು ನವಣೆ ಅನ್ನ ತಿನ್ನಿ ಎಂದಾಗ, ಮನೆಯವಳು ಚೀಲವನ್ನು ಎರಡು ಡಬ್ಬಕ್ಕೆ ಸುರಿದು, ‘ಇದು ನಿಮ್ದು, ಇದು ನಿಮ್ಮ ಮಕ್ಕಳ್ದು’ ಎಂದಳು.

ಆಸ್ಟ್ರೇಲಿಯಾದ ಒಳನಾಡೂ ಜಗಳೂರಿನಂಥದೇ ಒಣನೆಲ. ಅಲ್ಲಿ ಇವು ಮಳೆ ಬಂದ ಕಡೆಗೆ ಸಾವಿರಗಟ್ಟಲೆ ಹಿಂಡಾಗಿ ಹೋಗುತ್ತವೆ. ನೀರು ನಿಂತು ಹುಲ್ಲಿನ ಬೀಜ ಕಟ್ಟಿದರೆ ಅಲ್ಲೇ ಮರದ ಪೊಟರೆಯಲ್ಲಿ ಮರಿ, ಬೀಜ ಮುಗಿದರೆ ಮತ್ತೆ ಪಯಣ. ಗುಳೆ ಹೋಗುವ ಹಕ್ಕಿ ಎಂದರೆ ತಪ್ಪಾಗದು. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಜೋಡಿಯನ್ನು ಇಂಗ್ಲೆಂಡಿಗೆ ಒಯ್ದ. ಅಲ್ಲಿಂದ ಜಗತ್ತಿನ ಮನೆಮನೆ. ಆಸ್ಟ್ರೇಲಿಯಾ ತನ್ನ ಹಕ್ಕಿಗಳ ರಫ್ತು ನಿಲ್ಲಿಸಿಯೇ ಅರವತ್ತು ವರ್ಷದ ಮೇಲಾಯಿತು. ಹಾಗಾಗಿ ನನ್ನ ಜಾಲರಿಯೊಳಗಿನವು ಪಂಜರದಲ್ಲಿ ಹುಟ್ಟಿದವುಗಳ ಮಕ್ಕಳ ಮಕ್ಕಳ ಮಕ್ಕಳು. ಕಾಡಿನಲ್ಲಿ ಇವುಗಳ ಬಣ್ಣ ಹಸಿರು ಹಳದಿ. ನನ್ನಲ್ಲಿ ನೀಲಿ, ಬಿಳಿ, ಬೂದು ಎಲ್ಲ ಇವೆ. ಅಪರೂಪಕ್ಕೆ ಹುಟ್ಟಿದ್ದನ್ನು ಮನುಷ್ಯ ಆರಿಸಿ ಕೂಡಿಸಿ ಬೆಳೆಸಿದ ಬಣ್ಣಗಳು.

ಕಾನೂನಿಗೆ ಇವುಗಳ ತಕರಾರಿಲ್ಲ. ಮಕಾವ್, ಆಫ್ರಿಕಾದ ಬೂದು ಗಿಳಿ ಸಾಕುವವರು 2024ರ ಫೆಬ್ರವರಿಯ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಮರಿ ಹುಟ್ಟಿದರೂ ಹಕ್ಕಿ ಸತ್ತರೂ ತಿಳಿಸಬೇಕು. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಪಟ್ಟಿಯಿಂದ ಹೊರಗುಳಿದ ಬೆರಳೆಣಿಕೆಯ ಗಿಳಿಗಳಲ್ಲಿ ಬಜರಿಗಾರ್, ಕಾಕಟೀಲ್ ಇವೆ. ತಮಾಷೆಯೆಂದರೆ ನಮ್ಮ ಹಸಿರು ಗಿಣಿಯೂ ಆ ಪಟ್ಟಿಯಲ್ಲಿಲ್ಲ. ಲಂಡನ್ನಿನಲ್ಲಿರುವ ಶಿಷ್ಯ ಹೈಡ್ ಪಾರ್ಕಿನ ವಿಡಿಯೊ ಕಳಿಸಿದ್ದ. ಎಲೆಯಿಲ್ಲದ ಮರ, ಚಳಿ, ಕೋಟು ಹಾಕಿದ ಜನ, ಅವರ ಅಂಗೈಯಲ್ಲಿ ಸೇಬು ತಿನ್ನುತ್ತಿರುವ ನಮ್ಮ ಹೊನ್ನಾಳಿಯ ಗಿಣಿ. ಪಂಜರದಿಂದ ತಪ್ಪಿಸಿಕೊಂಡವು ಅಲ್ಲಿ ಸಾವಿರಾರು ಆಗಿವೆ. ನಮ್ಮದು ಅಲ್ಲಿ ಹೊರಗೆ, ಅವರ ಕಡೆಯದು ಇಲ್ಲಿ ನನ್ನ ಹಿತ್ತಿಲಲ್ಲಿ ಒಳಗೆ.

ಒಮ್ಮೆ ಮೈಸೂರಿಗೆ ಹೋದಾಗ ಗಣಪತಿ ಸಚ್ಚಿದಾನಂದ ಆಶ್ರಮದ ಶುಕವನ ನೋಡಿದೆ. 468 ಜಾತಿಯ ಪಕ್ಷಿಗಳು, 2017ರಲ್ಲಿ ಗಿನ್ನೆಸ್ ದಾಖಲೆ. ಎಲ್ಲರೂ ಬಣ್ಣ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಪೊರಕೆ ಹಿಡಿದು ಹಿಕ್ಕೆ ಗುಡಿಸುತ್ತಿದ್ದವನ ಹಿಂದೆಯೇ ಹೋಯಿತು. ಹತ್ತು ಹಕ್ಕಿಯಿರಲಿ ಸಾವಿರವಿರಲಿ, ಸಾಕುವವನ ದಿನದ ಮುಕ್ಕಾಲು ಭಾಗ ಅದೇ.

ಮರಿ ಮಾಡುವುದನ್ನು ಹತ್ತಿರದಿಂದ ನೋಡುವುದು ಬೇರೆ ಮಾತು. ಹೆಣ್ಣಿನ ಕೊಕ್ಕಿನ ಮೇಲಿನ ತೊಗಲು ಕಂದುಗಟ್ಟಿ ಒರಟಾದರೆ ಹೊತ್ತು ಬಂತೆಂದು ಅರ್ಥ. ಗಂಡಿನದು ನೀಲಿ. ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ, 18 ದಿನ ಕಾವು. ಹೆಣ್ಣೇ ಕೂರುತ್ತದೆ. ಗಂಡು ತೂತಿನ ಬಾಯಿಗೆ ಬಂದು ತಲೆ ಮೇಲೆ ಕೆಳಗೆ ಆಡಿಸಿ ತಿಂದದ್ದನ್ನು ಗಂಟಲಿಗೆ ತಂದು ಅವಳ ಬಾಯಿಗೆ ಹಾಕುತ್ತದೆ. ಮೊಟ್ಟೆಗಳು ಇಟ್ಟ ಕ್ರಮದಲ್ಲೇ ಒಡೆಯುವುದರಿಂದ ಮೊದಲ ಮರಿಗೂ ಕೊನೆಯದಕ್ಕೂ ಎಂಟು ಹತ್ತು ದಿನದ ಅಂತರ. ಅಣ್ಣನಿಗೆ ಪುಕ್ಕ ಮೊಳೆಯುವಾಗ ತಮ್ಮ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಹೆಣ್ಣು ನೀರು ಕುಡಿಯಲು ಹೊರಬಂದ ಗಳಿಗೆಯಲ್ಲಿ ಟಾರ್ಚು ಬಿಟ್ಟು ನೋಡುತ್ತೇನೆ. ಮೊನ್ನೆ ಹುಟ್ಟಿದ್ದು ಹೆಬ್ಬೆರಳ ತುದಿಯಷ್ಟು. ಬತ್ತಲೆ, ಗುಲಾಬಿ, ಕುರುಡು, ತಲೆಯ ಭಾರಕ್ಕೆ ಅಂಗಾತ ಬೀಳುವಂಥದ್ದು. ಕೊರಳ ಬುಡದ ಚೀಲದ ಚರ್ಮ ಎಷ್ಟು ತೆಳುವೆಂದರೆ, ತಾಯಿ ಆಗತಾನೇ ಕೊಟ್ಟ ಗುಟುಕು ಬೆಳ್ಳಗೆ ಒಳಗೆ ನಿಂತದ್ದು ಕಾಣುತ್ತದೆ. ನಾಲ್ಕೈದು ದಿನ ಕಳೆದರೆ ಅದೇ ಚೀಲದಲ್ಲಿ ನವಣೆಯ ಕಾಳುಗಳನ್ನು ಎಣಿಸಬಹುದು. ಜಗಳೂರಿನ ಕೆಂಪು ನೆಲದಲ್ಲಿ ಯಾರೋ ಬಿತ್ತಿದ ಕಾಳು, ಎಂದೂ ನೋಡದ ದೇಶದ ಹಕ್ಕಿಯ ಎದೆಯ ಮೇಲೆ ಉಬ್ಬಿಕೊಂಡು ಕೂತಿರುತ್ತದೆ. ಟಾರ್ಚು ಆರಿಸುತ್ತೇನೆ. ಎಷ್ಟು ಸಲ ನೋಡಿದರೂ ಸಾಕು ಅನ್ನಿಸಿಲ್ಲ.

ಎರಡು ಜೋಡಿ ಮೂರನೇ ವರ್ಷಕ್ಕೆ ನಲವತ್ತು ದಾಟಿದವು. ಒಂದೊಂದು ಜೋಡಿ ವರ್ಷಕ್ಕೆ ಎರಡು ಸಲ ಮರಿ ಮಾಡಿದರೆ ಸಾಕು, ಬಿಟ್ಟರೆ ಹೆಣ್ಣು ಸುಣ್ಣ ಬತ್ತಿ ಮೊಟ್ಟೆ ಸಿಕ್ಕಿಕೊಂಡು ಸಾಯುತ್ತದೆ. ಬಂದ ಹುಡುಗರೆಲ್ಲ, ‘ಜೋಡಿ ಎಷ್ಟಕ್ಕೆ ಕೊಡ್ತೀರಿ ಸಾರ್?’ ಎಂದು ಕೇಳುತ್ತಿದ್ದರು. ಮಾರಲು ಮನಸ್ಸಾಗದೆ ನೆಂಟರಿಗೆ, ಪರಿಚಯದವರಿಗೆ ಹಂಚಿದೆ. ಹಾಗೆ ಕೊಟ್ಟ ಒಂದು ಮನೆಗೆ ಗೃಹಪ್ರವೇಶಕ್ಕೆ ಹೋದಾಗ ನನ್ನ ನೀಲಿ ಜೋಡಿ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪಂಜರದಲ್ಲಿ, ಅಡುಗೆಮನೆಯ ಒಲೆ ಪಕ್ಕ ಇತ್ತು. ಗಂಡು ಕಂಬಿಯ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎರಡೇ ಹೆಜ್ಜೆ ಹಾಕುತ್ತಿತ್ತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ವಾಪಸ್ಸು ಕೇಳಲು ಬಾಯಿ ಬರಲಿಲ್ಲ. ಆವತ್ತಿನಿಂದ ಕೊಡುವುದು ನಿಲ್ಲಿಸಿದೆ. ಕೊಡದಿದ್ದರೆ ಜಾಗ ಸಾಲದು. ಆಗ ಮೊದಲ ಬಾರಿಗೆ ಕುಡಿಕೆ ಇಳಿಸಿದ್ದು.

‘ಪಾಪ ಬಿಟ್ಬಿಡಿ ಮೇಷ್ಟ್ರೇ, ಹಾರ್ಕಂಡು ಹೋಗ್ಲಿ’ ಎನ್ನುತ್ತಾರೆ ಪಕ್ಕದ ಮನೆಯ ಅಜ್ಜಿ, ಕಂಡಾಗಲೆಲ್ಲ. ಎಲ್ಲಿಗೆ ಹೋಗಲಿ ಅಜ್ಜಿ? ಒಂದು ಸಲ ನನ್ನ ಬೇಜವಾಬ್ದಾರಿಯಿಂದ ಎರಡೂ ಬಾಗಿಲು ತೆರೆದುಕೊಂಡು ಒಂದು ಹಳದಿ ಹೆಣ್ಣು ಹೊರಗೆ ಹೋಯಿತು. ಪಕ್ಕದ ಅಡಿಕೆ ತೋಟದ ತುದಿಯಲ್ಲಿ ಕೂತು ಕೂಗುತ್ತಿತ್ತು. ಅದರ ಜೊತೆಯ ಗಂಡನ್ನು ಚಿಕ್ಕ ಪಂಜರದಲ್ಲಿ ಹಾಕಿ ಮಹಡಿಯ ಮೇಲಿಟ್ಟೆ, ಕರೆಯಲಿ ಎಂದು. ಎರಡು ದಿನ ಇದು ಕರೆಯಿತು, ಅದು ಓಗೊಟ್ಟಿತು. ಇಳಿಯುವುದು ಹೇಗೆಂದು ಅದಕ್ಕೆ ಗೊತ್ತಾಗಲಿಲ್ಲವೋ ಏನೋ. ಹತ್ತಡಿಯ ಆಚೆಗೆ ಅದು ಜೀವಮಾನದಲ್ಲಿ ಹಾರಿರಲಿಲ್ಲ. ಎರಡನೇ ರಾತ್ರಿ ಮಳೆ. ಬೆಳಿಗ್ಗೆ ಗಂಡು ಕರೆಯುತ್ತಲೇ ಇತ್ತು, ತೋಟದಿಂದ ಉತ್ತರ ಬರಲಿಲ್ಲ.

ಆಕಾಶದ ಬಗ್ಗೆ ಇವಕ್ಕೆ ಒಂದು ಗೊತ್ತು. ಗಿಡುಗ ಮೇಲೆ ಹಾದರೆ ನಲವತ್ತೂ ಒಮ್ಮೆಗೇ ಸ್ತಬ್ಧ. ಕಾಳು ಕಚ್ಚಿದ್ದು ಕಚ್ಚಿದ ಹಾಗೆ, ಕಾಲೆತ್ತಿದ್ದು ಎತ್ತಿದ ಹಾಗೆ. ನೂರೆಂಬತ್ತು ವರ್ಷ ಪಂಜರದಲ್ಲಿ ಕಳೆದ ವಂಶ ಗಿಡುಗನನ್ನು ಮರೆತಿಲ್ಲ. ಸಂಜೆ ಹಸಿರು ಗಿಣಿಗಳ ಹಿಂಡು ಸೂಳೆಕೆರೆಯ ಕಡೆಗೆ ಕಿರುಚುತ್ತ ಹೋಗುತ್ತದೆ. ಅದಕ್ಕೆ ಇವು ತಲೆ ಎತ್ತುವುದೂ ಇಲ್ಲ. ತಲೆ ಎತ್ತುವವನು ನಾನು. ಹೊನ್ನಾಳಿಯಲ್ಲಿ ಕಂಬಿ ಹಿಡಿದು ಕಿರುಚಿದ್ದು ನೆನಪಾಗುತ್ತದೆ. ಅದಕ್ಕೆ ಹೋಗಲು ಒಂದು ಹೊರಗೆ ಇತ್ತು, ನಾನು ತಡೆದಿದ್ದೆ. ಇವಕ್ಕೆ ಹೊರಗು ಅಂತ ಇರುವುದು ಬೆಳಿಗ್ಗೆ ಆರಕ್ಕೆ ನೀರಿನ ತಂಬಿಗೆ ಹಿಡಿದು ಬರುವ ನಾನೊಬ್ಬನೇ. ನನಗೆ ಈಗ ಅರವತ್ತಾರು. ಈ ಹಕ್ಕಿ ಐದರಿಂದ ಹತ್ತು ವರ್ಷ ಬದುಕುತ್ತದೆ. ಇವತ್ತು ಮೊಟ್ಟೆ ಒಡೆದದ್ದಕ್ಕೆ ಹತ್ತು ತುಂಬುವಾಗ ನಾನು ಏಣಿ ಹತ್ತುವ ಸ್ಥಿತಿಯಲ್ಲಿರುತ್ತೇನೆಯೇ ಎಂಬ ಲೆಕ್ಕವನ್ನು ಈಚೆಗೆ ಮಾಡುತ್ತೇನೆ. ಬೆಂಗಳೂರಿನ ಮಗ, ‘ಅಪ್ಪ, ಹಕ್ಕಿ ಬಿಟ್ಟು ಇಲ್ಲಿಗೆ ಬನ್ನಿ’ ಎನ್ನುತ್ತಾನೆ. ಅವನ ಫ್ಲಾಟಿನ ಬಾಲ್ಕನಿ ನಾಲ್ಕು ಅಡಿ.

ಅದಕ್ಕೇ ಈ ಸಲ ಇಳಿಸಿದ ಕುಡಿಕೆಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿಸಿದೆ. ಇನ್ನು ಏರಿಸುವುದಿಲ್ಲ ಎಂದು ಹೆಂಡತಿಗೂ ಹೇಳಿದೆ. ಇರುವವು ಇದ್ದಷ್ಟು ದಿನ ಇರಲಿ. ಅವಳು ಹೂಂ ಅಂದಳು, ಹೆಚ್ಚು ಮಾತಾಡಲಿಲ್ಲ.

ಇವತ್ತು ಗುರುವಾರ. ಬೆಳಿಗ್ಗೆ ತಟ್ಟೆಗೆ ನವಣೆ ಹಾಕಲು ಹೋದರೆ, ಹಳೆಯ ಹೊಟ್ಟಿನ ನಡುವೆ ಒಂದು ಮೊಟ್ಟೆ. ಬೆಳ್ಳಗೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಮುಟ್ಟಿದರೆ ಇನ್ನೂ ಬಿಸಿ. ಬೂದು ಬಣ್ಣದ ಹೆಣ್ಣು ತಟ್ಟೆಯ ಅಂಚಿಗೆ ಕೂತಿತ್ತು. ನನ್ನ ಕೈ ಹತ್ತಿರ ಬಂದರೂ ಹಾರಲಿಲ್ಲ. ಉಳಿದ ಹಕ್ಕಿಗಳು ಕಾಳಿಗಾಗಿ ಇಳಿದು ತಟ್ಟೆ ತುಳಿಯತೊಡಗಿದವು. ಅವಳು ರೆಕ್ಕೆ ಅಗಲಿಸಿ ಒಂದೊಂದನ್ನೇ ಕುಕ್ಕಿ ಓಡಿಸಿದಳು. ಒಡೆಯದ ಹಾಗೆ ಅಂಗೈಯಿಂದ ಮೊಟ್ಟೆಗೆ ಮರೆ ಮಾಡಿಕೊಂಡು ಕುಕ್ಕರುಗಾಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಮಂಡಿ ನೋಯತೊಡಗಿತು.

‘ಏನೇ,’ ಎಂದು ಅಲ್ಲಿಂದಲೇ ಕೂಗಿದೆ, ‘ಏಣಿ ಎಲ್ಲಿಟ್ಟಿದೀಯ?’

‘ಅಟ್ಟಕ್ಕೇ ಹಾಕಿಟ್ಟಿದೀನಿ, ನೀವು ಹಿಂಗೇ ಕೇಳ್ತೀರ ಅಂತ’ ಎಂದಳು ಒಳಗಿಂದ.